‘ನೇತಾಜಿ ನಮ್ಮೂರ ಗುಡಿಯಲ್ಲಿದ್ದರು’ ಎಂಬ ಮಾತನ್ನು ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ನಾನು ಸುರಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕ. ನಮ್ಮೂರ ಹೊರಗಿನ ಹನುಮಪ್ಪನ ಗುಡಿಯಲ್ಲಿ ಬಹಳ ವರ್ಷಗಳ ಹಿಂದೆ ಬಂಗಾಳಿ, ಹಿಂದಿ ಮಾತಾಡುವ ಸಾಧುವೊಬ್ಬರು ಇದ್ದರಂತೆ. ದುಂಡು ಕನ್ನಡಕ, ಕೈಯಲ್ಲಿ ಇಂಗ್ಲಿಷ್ ಪೇಪರು. ಫೋಟೊ ತೆಗೆಯಲು ಬಿಡುತ್ತಿರಲಿಲ್ಲ. ‘ಅವ್ರು ಸುಭಾಸಬಾಬುನೇ ರೀ, ಸತ್ತಿಲ್ಲ, ಇಲ್ಲೇ ಇದ್ರು’ ಎಂದು ಹಿರಿಯರು ಈಗಲೂ ಹೇಳುತ್ತಾರೆ. ಮಕ್ಕಳು ಕೇಳಿದರೆ ಏನು ಹೇಳಲಿ? ಇದನ್ನು ಪರೀಕ್ಷಿಸುವ ದಾರಿ ಇದೆಯೇ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ, ಅವನ್ನು ಮೊದಲು ಬಿಡಿಸಿಡಬೇಕು. 1945ರ ಆಗಸ್ಟ್ 18ರಂದು ತೈಹೊಕುವಿನಲ್ಲಿ, ಅಂದರೆ ಇಂದಿನ ತೈವಾನಿನ ತೈಪೆಯಲ್ಲಿ, ನೇತಾಜಿ ತೀರಿಕೊಂಡರೇ ಎಂಬುದು ಒಂದು. ನಿಮ್ಮೂರ ಗುಡಿಯಲ್ಲಿದ್ದವರು ಯಾರು ಎಂಬುದು ಇನ್ನೊಂದು. ಊರ ಕಟ್ಟೆಯ ಮೇಲೆ ಇವೆರಡೂ ಒಂದಾಗಿಬಿಡುತ್ತವೆ. ವಿಮಾನದ ಕಥೆಯಲ್ಲಿ ಎಲ್ಲೋ ಒಂದು ತೂತು ಕಂಡರೆ ಸಾಕು, ಆ ತೂತಿನೊಳಗಿಂದ ಸಾಧು ಹೊರಗೆ ಬರುತ್ತಾರೆ. ಆದರೆ ತೈಹೊಕುವಿನಲ್ಲಿ ಅವರು ಸಾಯಲಿಲ್ಲ ಎಂದೇ ಇಟ್ಟುಕೊಂಡರೂ ಹನುಮಪ್ಪನ ಗುಡಿಯವರಿಗೆ ಅದರಿಂದ ಎಳ್ಳಷ್ಟೂ ಬಲ ಬರುವುದಿಲ್ಲ. ಆ ಸಾಧುವಿಗೆ ಅವರದೇ ಸಾಕ್ಷಿ ಬೇಕು.

ಮೊದಲು ತೈಹೊಕು. ಜಪಾನ್ ಶರಣಾದ ಸುದ್ದಿ ಆಗಸ್ಟ್ 15ಕ್ಕೆ ಬಂತು. ಮರುದಿನ ನೇತಾಜಿ ಸಿಂಗಾಪುರದಿಂದ ಬ್ಯಾಂಕಾಕಿಗೆ, 17ರಂದು ಅಲ್ಲಿಂದ ಸೈಗಾನಿಗೆ ಹೋದರು. ಜೊತೆಗೆ ಅರ್ಧ ಡಜನ್ ಸಹಚರರಿದ್ದರು. ಅವರಲ್ಲೊಬ್ಬರು ನಮ್ಮ ಆಗಿನ ನಿಜಾಮ ಸೀಮೆಯವರೇ, ಹೈದರಾಬಾದಿನ ಆಬಿದ್ ಹಸನ್. 1943ರಲ್ಲಿ ಜರ್ಮನಿಯಿಂದ ಜಲಾಂತರ್ಗಾಮಿಯಲ್ಲಿ ನೇತಾಜಿಯ ಜೊತೆ ಬಂದವರೂ ಅವರೇ. ಸೈಗಾನಿನಲ್ಲಿ ಜಪಾನೀಯರು ಕೊಟ್ಟದ್ದು ಎರಡೇ ಸೀಟು. ನೇತಾಜಿಯ ಜೊತೆ ಕರ್ನಲ್ ಹಬೀಬುರ್ ರಹಮಾನ್ ಹತ್ತಿದರು, ಉಳಿದವರು ಅಲ್ಲೇ ನಿಂತರು. ಮುಂದಿನ ವಿವಾದಕ್ಕೆ ದೊಡ್ಡ ಕಾರಣ ಇದೇ. ಕೊನೆಯ ಗಳಿಗೆಗೆ ಸಾಕ್ಷಿಯಾದ ಭಾರತೀಯ ಒಬ್ಬರೇ ಒಬ್ಬರು.

ವಿಮಾನ ಮಿತ್ಸುಬಿಷಿ ಕಂಪನಿಯ ಎರಡು ಎಂಜಿನ್ನಿನ ಬಾಂಬರ್, ಜನರನ್ನು ಕೂರಿಸಲೆಂದು ಮಾಡಿದ್ದಲ್ಲ. ಭಾರ ಹೆಚ್ಚಾಗಿದೆ ಎಂದು ದಾರಿಯಲ್ಲಿ ವಿಯೆಟ್ನಾಮಿನ ತುರಾನ್‌ನಲ್ಲಿ ಮೆಷಿನ್ ಗನ್ನುಗಳನ್ನು ಕಳಚಿ ಇಳಿಸಿದರು. 18ರ ಮಧ್ಯಾಹ್ನ ತೈಹೊಕುವಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಎರಡೂವರೆಯ ಸುಮಾರಿಗೆ ಮೇಲೇರುತ್ತಿದ್ದಂತೆ ಎಡಗಡೆಯ ಪ್ರೊಪೆಲ್ಲರ್ ಮುರಿದು ಎಂಜಿನ್ ಕಳಚಿಬಿತ್ತು. ವಿಮಾನ ನೆಲಕ್ಕಪ್ಪಳಿಸಿ ಬೆಂಕಿ ಹೊತ್ತಿತು. ಜಪಾನಿನ ಜನರಲ್ ಶಿದೇಯಿ ಅಲ್ಲೇ ಸತ್ತರು. ನೇತಾಜಿ ಕುಳಿತಿದ್ದದ್ದು ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ. ಬಟ್ಟೆಗೆಲ್ಲ ಪೆಟ್ರೋಲ್ ಚೆಲ್ಲಿತ್ತು, ಹೊರಗೆ ಬರುವಾಗ ಮೈ ಉರಿಯುತ್ತಿತ್ತು. ಅವರ ಬಟ್ಟೆ ಕಿತ್ತೆಸೆಯಲು ಹೋಗಿ ಹಬೀಬುರ್ ರಹಮಾನರ ಕೈ ಸುಟ್ಟವು. ನಾನ್‌ಮೊನ್ ಸೈನಿಕ ಆಸ್ಪತ್ರೆಯಲ್ಲಿ ಡಾಕ್ಟರ್ ಯೋಶಿಮಿ ಚಿಕಿತ್ಸೆ ಕೊಟ್ಟರು, ಅದೇ ರಾತ್ರಿ ಪ್ರಾಣ ಹೋಯಿತು. ಚಿತಾಭಸ್ಮ ಸೆಪ್ಟೆಂಬರ್‌ನಲ್ಲಿ ಟೋಕಿಯೊದ ರೆಂಕೋಜಿ ದೇವಾಲಯ ಸೇರಿತು. ಇದು ಹಬೀಬುರ್ ರಹಮಾನ್, ಬದುಕುಳಿದ ಜಪಾನಿ ಅಧಿಕಾರಿಗಳು, ಡಾಕ್ಟರ್ ಹೇಳಿದ್ದರ ಸಾರ.

ಈಗ ತೂತುಗಳು. ಇವನ್ನು ಮುಚ್ಚಿಡಬೇಡಿ, ಮಕ್ಕಳಿಗೆ ಇವೇ ಒಳ್ಳೆಯ ಪಾಠ. ಸುದ್ದಿ ಹೊರಬಂದದ್ದು ಐದು ದಿನ ತಡವಾಗಿ. ಶವದ ಫೋಟೊ ಇದೆ, ಮುಖವಿಲ್ಲ: ಬಟ್ಟೆ ಹೊದಿಸಿದ ದೇಹ, ಪಕ್ಕದಲ್ಲಿ ಪಟ್ಟಿ ಕಟ್ಟಿಕೊಂಡು ಕುಳಿತ ಹಬೀಬುರ್ ರಹಮಾನ್. ಸಾವಿನ ಗಂಟೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಜಪಾನ್ ಸರ್ಕಾರದ 1956ರ ವರದಿ ಸಂಜೆ 7 ಎನ್ನುತ್ತದೆ, ಬೇರೆಯವರು ರಾತ್ರಿ 9ರ ನಂತರ ಎನ್ನುತ್ತಾರೆ. ದಹನವಾದದ್ದು 20ರಂದೋ 22ರಂದೋ ಎಂಬಲ್ಲೂ ಒಮ್ಮತವಿಲ್ಲ. ಎಲ್ಲಕ್ಕಿಂತ ದೊಡ್ಡದು ದಹನದ ಕಾಗದ. ಅದರಲ್ಲಿ ನೇತಾಜಿಯ ಹೆಸರಿಲ್ಲ, ಇಚಿರೋ ಒಕುರಾ ಎಂಬ ಜಪಾನಿ ಸೈನಿಕನ ಹೆಸರಿದೆ. ಸಾವಿನ ಕಾರಣ ಸುಟ್ಟಗಾಯವಲ್ಲ, ಹೃದಯಾಘಾತ.

ಒಂದೊಂದನ್ನೂ ಬೇರೆಬೇರೆಯಾಗಿ ತೂಗಬೇಕು, ಗಂಟು ಕಟ್ಟಿ ತೂಗಿದರೆ ಮೋಸ ಹೋಗುತ್ತೀರಿ. ಹತ್ತು ವರ್ಷ ಕಳೆದ ಮೇಲೆ ಸಾಕ್ಷಿ ಹೇಳುವವರು ಗಂಟೆ, ತಾರೀಖು, ಯಾರು ಎಲ್ಲಿ ನಿಂತಿದ್ದರು ಎಂಬುದರಲ್ಲಿ ತಪ್ಪುವುದು ಸಹಜ. ವಿಮಾನ ಬಿತ್ತೇ, ಬೆಂಕಿ ಹತ್ತಿತೇ, ಆ ಮನುಷ್ಯ ಸತ್ತನೇ ಎಂಬಲ್ಲಿ ತಪ್ಪಿದರೆ ಮಾತ್ರ ಅದು ಗಂಭೀರ, ಆ ಮೂರರಲ್ಲಿ ಈ ಸಾಕ್ಷಿಗಳು ಒಂದಾಗಿದ್ದಾರೆ. ಎಲ್ಲರೂ ಒಂದೇ ನಿಮಿಷ ಹೇಳಿದ್ದರೆ ಹೇಳಿಕೊಟ್ಟದ್ದೆಂದು ಅನುಮಾನಪಡಬೇಕಿತ್ತು. ಒಕುರಾ ಹೆಸರಿನ ಕಾಗದ ಹಾಗಲ್ಲ, ಅದು ನಿಜವಾದ ತೊಡಕು. ಸೋತ ಸೈನ್ಯ ಗುಟ್ಟು ಕಾಯಲು ಬೇರೆ ಹೆಸರಿನಲ್ಲಿ ಪರವಾನಗಿ ಪಡೆಯಿತು ಎಂಬುದು ಒಂದು ವಿವರಣೆ. ಆ ಬೂದಿಯೇ ಒಕುರಾನದು ಎಂಬುದು ಇನ್ನೊಂದು.

ಕೈಗಡಿಯಾರದ ವಿಷಯವನ್ನೂ ಹೇಳಬೇಕು, ಏಕೆಂದರೆ ಯೂಟ್ಯೂಬ್ ನೋಡಿದ ಮಕ್ಕಳು ಅದನ್ನೇ ಮೊದಲು ಕೇಳುತ್ತಾರೆ. ನೇತಾಜಿಯದೆಂದು ಹಬೀಬುರ್ ರಹಮಾನ್ ತಂದ ಸುಟ್ಟ ಗಡಿಯಾರ ಚೌಕಾಕಾರದ್ದು, ಅವರು ಕಟ್ಟುತ್ತಿದ್ದದ್ದು ದುಂಡನೆಯದು ಎಂಬ ಆಕ್ಷೇಪವಿದೆ. ಅದು ಸರಿಯೇ ಇದ್ದರೂ ಸಿದ್ಧವಾಗುವುದೇನು? ಆ ಗಡಿಯಾರ ನೇತಾಜಿಯದಲ್ಲ ಎಂದಷ್ಟೆ. ಅದನ್ನು ಕಟ್ಟಬಹುದಾಗಿದ್ದ ಮನುಷ್ಯ ಬದುಕಿದ್ದ ಎಂದು ಅದು ಹೇಳುವುದಿಲ್ಲ.

ಭಾರತ ಸರ್ಕಾರ ಇದನ್ನು ಮೂರು ಸಲ ವಿಚಾರಿಸಿದೆ. 1956ರ ಶಾಹ್ ನವಾಜ್ ಸಮಿತಿ 67 ಸಾಕ್ಷಿಗಳನ್ನು ಕೇಳಿ ಸಾವು ನಿಜವೆಂದಿತು. ಮೂವರು ಸದಸ್ಯರಲ್ಲಿ ಒಬ್ಬರಾದ, ನೇತಾಜಿಯ ಅಣ್ಣ ಸುರೇಶಚಂದ್ರ ಬೋಸ್ ಒಪ್ಪದೆ ಬೇರೆ ಟಿಪ್ಪಣಿ ಬರೆದರು. ಆ ಸಮಿತಿಗೆ ತೈವಾನಿಗೆ ಹೋಗಲು ಆಗಲೇ ಇಲ್ಲ, ಅದೊಂದು ಕೊರತೆಯೇ. 1970ರಿಂದ 1974ರವರೆಗಿನ ಖೋಸ್ಲಾ ಆಯೋಗ 224 ಸಾಕ್ಷಿಗಳನ್ನು ಕೇಳಿ ಅದೇ ತೀರ್ಮಾನಕ್ಕೆ ಬಂತು. 1999ರಲ್ಲಿ ನೇಮಕವಾದ ನ್ಯಾಯಮೂರ್ತಿ ಮುಖರ್ಜಿ ಆಯೋಗ 2005ರಲ್ಲಿ ಬೇರೆ ಮಾತು ಹೇಳಿತು: ನೇತಾಜಿ ಈಗ ಬದುಕಿಲ್ಲ, ಆದರೆ ವಿಮಾನ ದುರಂತದಲ್ಲಿ ಸತ್ತಿಲ್ಲ, ರೆಂಕೋಜಿಯ ಬೂದಿ ಅವರದಲ್ಲ. 2006ರಲ್ಲಿ ಸರ್ಕಾರ ಆ ವರದಿಯನ್ನು ತಿರಸ್ಕರಿಸಿತು.

ಮುಖರ್ಜಿ ಆಯೋಗ ಬಲವಾಗಿ ಹಿಡಿದ ಅಂಶಗಳಲ್ಲೊಂದು, ಆ ದಿನಗಳಲ್ಲಿ ತೈಪೆಯಲ್ಲಿ ವಿಮಾನ ಬಿದ್ದ ದಾಖಲೆಯೇ ಇಲ್ಲ ಎಂದು ತೈವಾನ್ ಆಡಳಿತ ಕೊಟ್ಟ ಉತ್ತರ. ಕೇಳಲು ಬಲವಾಗಿದೆ. ಆದರೆ 1945ರ ಆಗಸ್ಟ್‌ನಲ್ಲಿ ತೈವಾನ್ ಜಪಾನೀಯರ ಕೈಯಲ್ಲಿತ್ತು. ಚೀನೀ ಆಡಳಿತ ಅದನ್ನು ವಹಿಸಿಕೊಂಡದ್ದು ಅಕ್ಟೋಬರ್ 25ಕ್ಕೆ. ಸೋತ ಸೈನ್ಯದ ವಿಮಾನ ಸೈನ್ಯದ್ದೇ ನಿಲ್ದಾಣದಲ್ಲಿ ಬಿದ್ದರೆ, ಎರಡು ತಿಂಗಳ ನಂತರ ಬಂದವರ ಕಡತದಲ್ಲಿ ಅದು ಇರಲೇಬೇಕೆಂದೇನಿಲ್ಲ. ನಮ್ಮಲ್ಲೇ, ನಿಜಾಮರ ಆಳ್ವಿಕೆ ಮುಗಿಸಿದ 1948ರ ಪೊಲೀಸ್ ಆ್ಯಕ್ಷನ್ನಿಗೆ ಮುಂಚಿನ ಒಂದು ಕಾಗದ ಹುಡುಕಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ತಕ್ಕಡಿ ತೈಹೊಕುವಿನ ಸಾವಿನ ಕಡೆಗೇ ಬಾಗುತ್ತದೆ. ಒಕುರಾ ಕಾಗದ ಮಾತ್ರ ಇನ್ನೂ ಕಾಡುತ್ತದೆ.

ರೆಂಕೋಜಿಯ ಬೂದಿಯನ್ನು ಡಿಎನ್‌ಎ ಪರೀಕ್ಷೆ ಮಾಡಿದರೆ ಮುಗಿಯಲಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ನೇತಾಜಿಯ ಮಗಳು ಅನಿತಾ ಅವರೇ ಬಹಿರಂಗವಾಗಿ ಇದನ್ನು ಕೇಳಿದ್ದಾರೆ. ತೊಡಕು ಎರಡು. ಚಿತೆಯ ಕಾವಿನಲ್ಲಿ ಬೂದಿಯಾದ ಭಾಗದಲ್ಲಿ ಡಿಎನ್‌ಎ ಉಳಿಯುವುದಿಲ್ಲ. ಪೂರ್ತಿ ಬೇಯದ ಮೂಳೆಯ ಚೂರೋ ಹಲ್ಲಿನ ಬೇರೋ ಸಿಗಬೇಕು. ಹೋಲಿಸಿ ನೋಡುವ ರಕ್ತವೂ ತಕ್ಕದ್ದಿರಬೇಕು. ಹಳೆಯ ಮೂಳೆಯಲ್ಲಿ ಹೆಚ್ಚಾಗಿ ಉಳಿಯುವುದು ಮೈಟೊಕಾಂಡ್ರಿಯಾದ ಡಿಎನ್‌ಎ, ಅದು ತಾಯಿಯಿಂದ ಮಾತ್ರ ಬರುವಂಥದ್ದು. ಆದ್ದರಿಂದ ಈ ಪರೀಕ್ಷೆಗೆ ಮಗಳ ರಕ್ತ ಕೆಲಸಕ್ಕೆ ಬರುವುದಿಲ್ಲ. ನೇತಾಜಿಯ ತಾಯಿ ಪ್ರಭಾವತಿ ದೇವಿಯವರ ಹೆಣ್ಣು ಸಂತತಿಯವರು, ಅಂದರೆ ಅಕ್ಕತಂಗಿಯರ ಹೆಣ್ಣುಮಕ್ಕಳ ಸಾಲಿನವರು ಬೇಕು. ಕೋಶಕೇಂದ್ರದ ಡಿಎನ್‌ಎ ಸಿಕ್ಕರೆ ಮಾತ್ರ ಮಗಳ ಜೊತೆ ನೇರ ಹೋಲಿಕೆ ಸಾಧ್ಯ.

ಇನ್ನು ಸಾಧುಗಳು. ನಿಮ್ಮೂರಿನವರು ಮೊದಲನೆಯವರಲ್ಲ. ಉತ್ತರ ಬಂಗಾಳದ ಶೌಲ್ಮಾರಿ ಆಶ್ರಮದ ಸ್ವಾಮಿಯೇ ನೇತಾಜಿ ಎಂದು 1960ರ ದಶಕದಲ್ಲಿ ದೊಡ್ಡ ಗದ್ದಲವಾಯಿತು. ಅದಕ್ಕಿಂತ ಹೆಸರಾದವರು ಫೈಜಾಬಾದಿನ ರಾಮಭವನದಲ್ಲಿ ಪರದೆಯ ಹಿಂದೆ ಬದುಕಿ 1985ರ ಸೆಪ್ಟೆಂಬರ್ 16ರಂದು ತೀರಿಕೊಂಡ ಗುಮ್ನಾಮಿ ಬಾಬಾ. ಅವರ ಕೋಣೆಯಲ್ಲಿ ದುಂಡು ಕನ್ನಡಕ, ಬೋಸ್ ಕುಟುಂಬದ ಫೋಟೊಗಳು, ರಾಶಿ ಪುಸ್ತಕಗಳು ಸಿಕ್ಕವು. ಅವರ ಹಲ್ಲಿನ ಡಿಎನ್‌ಎ ಬೋಸ್ ಕುಟುಂಬದವರ ರಕ್ತಕ್ಕೆ ಹೊಂದಲಿಲ್ಲ ಎಂದು ಕೋಲ್ಕತ್ತಾದ ಕೇಂದ್ರ ಪ್ರಯೋಗಾಲಯ ವರದಿ ಕೊಟ್ಟಿತು. ಕೈಬರಹದಲ್ಲಿ ತಜ್ಞರು ಒಡೆದರು: ಒಬ್ಬರು ಹೊಂದುತ್ತದೆ ಎಂದರೆ ಬೇರೆಯವರು ಇಲ್ಲ ಎಂದರು. ವಿಮಾನ ದುರಂತವನ್ನೇ ಒಪ್ಪದ ಮುಖರ್ಜಿ ಆಯೋಗ ಕೂಡ ಈ ಬಾಬಾ ನೇತಾಜಿ ಎನ್ನಲು ಖಚಿತ ಸಾಕ್ಷಿ ಇಲ್ಲ ಎಂದಿತು. ಇದನ್ನು ಗಟ್ಟಿಯಾಗಿ ನೆನಪಿಡಿ, ನಾನು ಮೊದಲು ಹೇಳಿದ ಎರಡು ಪ್ರಶ್ನೆಗಳನ್ನು ಆ ನ್ಯಾಯಮೂರ್ತಿಗಳು ಬೇರೆಬೇರೆಯಾಗಿಯೇ ಇಟ್ಟರು. ಮುಂದೆ ಉತ್ತರ ಪ್ರದೇಶ ಸರ್ಕಾರ ನೇಮಿಸಿದ ವಿಷ್ಣು ಸಹಾಯ್ ಆಯೋಗ, ಬಾಬಾ ನೇತಾಜಿಯಲ್ಲ, ಅವರ ಅನುಯಾಯಿ ಎಂದು ಹೇಳಿತು.

ಅನುಯಾಯಿ ಎಂಬ ಮಾತು ನಿಮ್ಮ ಕೆಲಸಕ್ಕೆ ಬಹಳ ಮುಖ್ಯ. ಬಂಗಾಳಿ ಬಲ್ಲ, ಇಂಗ್ಲಿಷ್ ಓದುವ, ಫೋಟೊಗೆ ಹೆದರುವ ಸಾಧುವಿಗೆ ನೇತಾಜಿಯೇ ಆಗಿರಬೇಕಾದ ಕಾರಣವಿಲ್ಲ. ಹಳೆಯ ಕ್ರಾಂತಿಕಾರಿ, ಮನೆ ಬಿಟ್ಟ ಗುಮಾಸ್ತ, ಪೊಲೀಸ್ ಕೇಸಿನಿಂದ ತಪ್ಪಿಸಿಕೊಂಡವ, ದೇಶ ಒಡೆದಾಗ ಎಲ್ಲ ಕಳೆದುಕೊಂಡವ, ಇವರೆಲ್ಲ ಹಾಗೆಯೇ ಇರುತ್ತಾರೆ. ನಿಮ್ಮಿಂದ ದೂರವೇನಿಲ್ಲ, ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ 1970ರ ಆಸುಪಾಸಿನಲ್ಲಿ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳು ಆದವು. ಸಾಧು ಬಂದದ್ದು ಅದಕ್ಕೆ ಮುಂಚೆಯೋ ನಂತರವೋ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ನಂತರವಾಗಿದ್ದರೆ ಆ ಕ್ಯಾಂಪುಗಳ ಹಿರಿಯರನ್ನು ಕೇಳಿನೋಡಿ.

ನಮ್ಮ ಸೀಮೆಯಲ್ಲಿ ಇಂಥ ಮಾತು ಏಕೆ ಬೇಗ ಬೇರೂರುತ್ತದೆ ಎಂಬುದನ್ನೂ ನೋಡಬೇಕು. ದೊಡ್ಡವರು ‘ಸತ್ತರು’ ಎನ್ನಲು ಇಲ್ಲಿ ನಾಲಿಗೆ ಏಳುವುದಿಲ್ಲ. ಶರಣರು ಲಿಂಗೈಕ್ಯರಾಗುತ್ತಾರೆ, ಬಯಲಾಗುತ್ತಾರೆ. ಕಲಬುರಗಿಯ ದರ್ಗಾದ ಕಡೆ ಕೇಳಿದರೆ ಪರ್ದಾ ಮಾಡಿದರು ಎನ್ನುತ್ತಾರೆ. ಕಾಲಜ್ಞಾನದ ವಚನಗಳಲ್ಲಿ ವೀರವಸಂತರಾಯ ಬರುತ್ತಾನೆ, ಕಲ್ಯಾಣವನ್ನು ಮತ್ತೆ ಆಳುತ್ತಾನೆ. ಹೋದವರು ಬರುತ್ತಾರೆ ಎಂದು ಕಾಯುವುದು ಇಲ್ಲಿ ಹಳೆಯ ಅಭ್ಯಾಸ. ನೇತಾಜಿಯನ್ನು ಆ ಸಾಲಿನಲ್ಲಿ ಇಟ್ಟರೆಂದರೆ ನಿಮ್ಮೂರ ಹಿರಿಯರಿಗೆ ಅವರ ಮೇಲೆ ಎಷ್ಟು ಪ್ರೀತಿಯಿತ್ತೆಂದು ಅರ್ಥ ಮಾಡಿಕೊಳ್ಳಿ. ಬಂಗಾಳಕ್ಕೆ ಅದರದೇ ನೆನಪಿತ್ತು: 1909ರಲ್ಲಿ ಡಾರ್ಜಿಲಿಂಗ್‌ನಲ್ಲಿ ಸತ್ತನೆನ್ನಲಾದ ಭವಾಲದ ಜಮೀನ್ದಾರಿ ರಾಜಕುಮಾರ ಸನ್ಯಾಸಿಯಾಗಿ ಮರಳಿ, ವರ್ಷಾನುಗಟ್ಟಲೆ ನಡೆದ ದಾವೆಯಲ್ಲಿ 1946ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಗೆದ್ದ. ನೇತಾಜಿಯ ಸುದ್ದಿ ಬಂದ ಮರುವರ್ಷವೇ ಬಂದ ತೀರ್ಪು ಅದು. ಗಾಂಧೀಜಿ ಕೂಡ 1946ರ ಆರಂಭದಲ್ಲಿ ಸುಭಾಷ್ ಬದುಕಿದ್ದಾರೆಂದು ತಮಗೆ ಅನ್ನಿಸುತ್ತದೆ ಎಂದಿದ್ದರು. ಮಾರ್ಚ್ ಹೊತ್ತಿಗೆ ಆ ಮಾತು ಮರೆತುಬಿಡಿ, ಸಾಕ್ಷಿಯನ್ನು ಒಪ್ಪಿಕೊಳ್ಳಿ ಎಂದು ತಾವೇ ಬರೆದರು.

ನಿಮ್ಮ ಸುರಪುರದ್ದೇ ಒಂದು ಉದಾಹರಣೆ ಮಕ್ಕಳ ಮುಂದಿಡಿ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಹೈದರಾಬಾದಿನಲ್ಲಿ ಸೆರೆಯಾದರು. ಮರಣದಂಡನೆ ತಗ್ಗುತ್ತಾ ಬಂದು ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಒಯ್ಯುವಾಗ, ಹೈದರಾಬಾದಿನಿಂದ ಹೊರಟ ಮೊದಲ ಬೀಡಿನಲ್ಲೇ ಅವರು ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡರೆಂದು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬರೆದಿದ್ದಾನೆ. ಟೇಲರ್ ಅವರನ್ನು ಬಾಲ್ಯದಿಂದ ಬಲ್ಲವನು, ಆದರೆ ಇದು ಅವನು ಕಣ್ಣಾರೆ ಕಂಡದ್ದಲ್ಲ. ಸುರಪುರದ ಹಲವರು ಇಂದಿಗೂ ಇದನ್ನು ಒಪ್ಪುವುದಿಲ್ಲ, ಕೊಂದರು ಎನ್ನುತ್ತಾರೆ. ಸಾವು ಹೇಗಾಯಿತು ಎಂಬುದರ ಮೇಲೆ ಈ ಅನುಮಾನ, ಸಾವಿನ ಮೇಲಲ್ಲ. ಅನುಮಾನಕ್ಕೆ ಎಷ್ಟು ಆಧಾರವಿದೆಯೋ ಅಷ್ಟರಲ್ಲೇ ನಿಲ್ಲಿಸುವುದು ಹೇಗೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈಗ ಕೆಲಸಕ್ಕೆ ಇಳಿಯೋಣ. ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೇಳಿ, ಕಟ್ಟೆಯ ಮೇಲೆ ಗುಂಪಿನಲ್ಲಿ ಬೇಡ. ಗುಂಪಿನಲ್ಲಿ ಒಬ್ಬರ ನೆನಪು ಇನ್ನೊಬ್ಬರದಾಗುತ್ತದೆ, ಗೌಡರು ಹೇಳಿದ್ದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. ನೇತಾಜಿಯ ಹೆಸರನ್ನು ನೀವಾಗಿ ಎತ್ತಲೇಬೇಡಿ. ‘ಹನುಮಪ್ಪನ ಗುಡ್ಯಾಗ ಒಬ್ರು ಸಾಧು ಇದ್ರಂತಲ್ಲ, ಹೆಂಗಿದ್ರು?’ ಎಂದು ಕೇಳಿ ಸುಮ್ಮನಿರಿ. ಹೆಸರು ಅವರ ಬಾಯಿಂದ ತಾನಾಗಿ ಬರುತ್ತದೆಯೇ, ಎಷ್ಟು ಹೊತ್ತಿಗೆ ಬರುತ್ತದೆ, ಗುರುತಿಸಿಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲು ಒಪ್ಪಿಗೆ ಕೇಳಿ, ಅದೂ ಆ ರೆಕಾರ್ಡಿನಲ್ಲೇ ಇರಲಿ; ಅದೇ ದಿನ ಇನ್ನೊಂದು ಕಡೆ ನಕಲು ಇಡಿ. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ: ವಯಸ್ಸು, ಕಂಡದ್ದೋ ಕೇಳಿದ್ದೋ, ಕೇಳಿದ್ದಾದರೆ ಯಾರಿಂದ, ಆಗ ತಮಗೆ ಎಷ್ಟು ವರ್ಷ. ಅವರ ಮಾತನ್ನು ಅವರದೇ ಮಾತಿನಲ್ಲಿ ಬರೆಯಿರಿ, ಪುಸ್ತಕದ ಭಾಷೆಗೆ ತಿದ್ದಬೇಡಿ. ಕಂಡವರು ಒಬ್ಬರೇ, ಉಳಿದ ಹನ್ನೆರಡು ಮಂದಿ ಅವರಿಂದ ಕೇಳಿದವರೇ ಆಗಿದ್ದರೆ ನಿಮ್ಮ ಬಳಿ ಇರುವುದು ಹದಿಮೂರು ಸಾಕ್ಷಿಯಲ್ಲ, ಒಂದೇ.

ಇಸವಿ ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು. ಊರು ಮರೆಯದ ಗುರುತುಗಳಿಗೆ ಕಟ್ಟಿ ಕೇಳಿ: ರಜಾಕಾರರ ಗಲಾಟೆಗೆ ಮುಂಚೆಯೋ ನಂತರವೋ, 1972ರ ಬರದಲ್ಲಿ ಅವರಿದ್ದರೇ, ನಾರಾಯಣಪುರದ ಡ್ಯಾಮಿನ ನೀರು ಕಾಲುವೆಗೆ ಬಂದಾಗ ಇದ್ದರೇ, 1993ರಲ್ಲಿ ಕಿಲ್ಲಾರಿಯ ಭೂಕಂಪದ ಹೊತ್ತಿಗೆ ಹೋಗಿಬಿಟ್ಟಿದ್ದರೇ. ಮೂರು ಜನ ಬೇರೆಬೇರೆಯಾಗಿ ಕೊಟ್ಟ ಗುರುತುಗಳು ಒಂದೇ ಕಾಲಕ್ಕೆ ಕೂಡಿದರೆ ಸಾಧು ಇದ್ದ ವರ್ಷಗಳು ಹತ್ತಿರ ಹತ್ತಿರ ಸಿಗುತ್ತವೆ. ನೇತಾಜಿ ಹುಟ್ಟಿದ್ದು 1897ರ ಜನವರಿ 23. 1972ರಲ್ಲಿ ಅವರಿಗೆ 75 ಆಗಿರುತ್ತಿತ್ತು. ಬರಗಾಲದಲ್ಲಿ ಸಾಧು ಬಾವಿಯಿಂದ ಎರಡು ಕೊಡ ಹೊತ್ತು ತರುತ್ತಿದ್ದ ನಡುವಯಸ್ಸಿನವರಾಗಿದ್ದರೆಂದು ಕಂಡವರು ಹೇಳಿದರೆ ಅಲ್ಲಿಗೆ ವಿಷಯ ಮುಗಿಯಿತು.

ಕಾಗದದಲ್ಲಿ ಮೊದಲು ನೋಡಬೇಕಾದ್ದು ಜನನ-ಮರಣ ರಿಜಿಸ್ಟರ್. 1969ರ ಕಾಯ್ದೆಯ ನಂತರ ತೀರಿಕೊಂಡಿದ್ದರೆ ದಾಖಲಾಗಿರುವ ಸಾಧ್ಯತೆಯಿದೆ, ಆದರೆ ನೀವು ಹುಡುಕುವ ಹೆಸರಿನಲ್ಲಿ ಇರುವುದಿಲ್ಲ. ‘ಬೈರಾಗಿ’, ‘ಸಾಧು’, ‘ಬಾಬಾ’ ಎಂದಿರಬಹುದು. ಆದ್ದರಿಂದ ಹೆಸರಿನಿಂದಲ್ಲ, ವರ್ಷದಿಂದ ಹುಡುಕಿ, ಸಾಲು ಸಾಲಾಗಿ ಓದಿ. ಗುಡಿಯ ಜಮೀನಿನ ಪಹಣಿಯಲ್ಲಿ ಪೂಜಾರಿಯ ಹೆಸರಿನ ಜೊತೆ ಪರವೂರವರ ಹೆಸರಿದೆಯೇ ನೋಡಿ. 1948ಕ್ಕಿಂತ ಹಿಂದಿನ ಕಾಗದ ಉರ್ದುವಿನಲ್ಲಿರುತ್ತದೆ, ವರ್ಷ ಫಸಲಿಯಲ್ಲಿ, ಅಂದರೆ ಕಂದಾಯದ ಲೆಕ್ಕದ ವರ್ಷದಲ್ಲಿ, ಇರುತ್ತದೆ. ಇಸವಿಗೆ ತರಲು ಫಸಲಿಗೆ 590 ಕೂಡಿಸಿ ಎಂದು ಎಲ್ಲರೂ ಹೇಳುತ್ತಾರೆ, ಅಲ್ಲೇ ಒಂದು ವರ್ಷದ ತಪ್ಪಾಗುವುದು. ನಿಜಾಮರ ಫಸಲಿ ವರ್ಷ ಶುರುವಾಗುತ್ತಿದ್ದದ್ದು ಅಕ್ಟೋಬರ್‌ನಲ್ಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 590, ಜನವರಿಯಿಂದ ಸೆಪ್ಟೆಂಬರ್‌ವರೆಗೆ 591. ತೈಹೊಕುವಿನ ಆಗಸ್ಟ್ 1945 ಬರುವುದು 1354ರ ಫಸಲಿಯಲ್ಲಿ, 1355ರಲ್ಲಲ್ಲ.

ಸಾಧು ಬಿಟ್ಟುಹೋದ ಪುಸ್ತಕ, ಕನ್ನಡಕ, ಚೀಟಿ ಯಾರ ಮನೆಯಲ್ಲಾದರೂ ಇದ್ದರೆ ಮುಟ್ಟುವ ಮುಂಚೆ ಇದ್ದಂತೆಯೇ ಫೋಟೊ ತೆಗೆಯಿರಿ. ಯಾರ ಕೈಯಿಂದ ಯಾರ ಕೈಗೆ ಬಂತೆಂದು ಬರೆದಿಡಿ. ಆ ಸರಪಳಿ ಎಲ್ಲಿ ತುಂಡಾಗುತ್ತದೋ ಅಲ್ಲಿಗೆ ಅದರ ಬೆಲೆ ಮುಗಿಯಿತು. ಕೈಬರಹವಿದ್ದರೆ ಝೆರಾಕ್ಸ್ ಸಾಲದು, ಒತ್ತಿ ಬರೆದದ್ದು ಎಲ್ಲಿ, ಲೇಖನಿ ಎತ್ತಿದ್ದು ಎಲ್ಲಿ ಎಂಬುದು ಮೂಲದಲ್ಲಿ ಮಾತ್ರ ಕಾಣುತ್ತದೆ. ಹೋಲಿಸುವ ಬರಹವೂ ಅದೇ ಲಿಪಿಯದ್ದಾಗಿರಬೇಕು, ದೇವನಾಗರಿ ಚೀಟಿಯನ್ನು ಇಂಗ್ಲಿಷ್ ಪತ್ರದ ಜೊತೆ ಇಟ್ಟು ಏನೂ ಹೇಳಲು ಬರುವುದಿಲ್ಲ. ಸಮಾಧಿಯಿದ್ದರೆ ಅದರ ಗೊಡವೆಗೆ ಹೋಗಬೇಡಿ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಅಗೆಯುವುದು ಅಪರಾಧ, ಊರಿನ ಮನಸ್ಸಿಗೂ ನೋವು.

ಕೇಂದ್ರ ಸರ್ಕಾರ 2016ರ ಜನವರಿ 23ರಂದು ಬಿಡುಗಡೆ ಮಾಡಿದ 100 ಕಡತಗಳೂ ನಂತರದವೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಪಶ್ಚಿಮ ಬಂಗಾಳ 2015ರಲ್ಲಿ 64 ಕಡತ ತೆರೆಯಿತು. ಬೋಸ್ ಕುಟುಂಬದ ಮೇಲೆ ಗುಪ್ತಚರರು ಸ್ವಾತಂತ್ರ್ಯದ ನಂತರವೂ ಇಪ್ಪತ್ತು ವರ್ಷ ಕಣ್ಣಿಟ್ಟಿದ್ದರೆಂದು ಅವುಗಳಿಂದ ಗೊತ್ತಾಯಿತು. ‘ಬದುಕಿರದಿದ್ದರೆ ಏಕೆ ಕಾದರು?’ ಎಂದು ಮಕ್ಕಳು ಕೇಳಿದರೆ ಪ್ರಶ್ನೆಯನ್ನು ಹೊಗಳಿ, ನಂತರ ಹೇಳಿ: ಕಾದದ್ದರಿಂದ ಸರ್ಕಾರಕ್ಕೆ ಆ ಕುಟುಂಬದ ರಾಜಕೀಯದ ಮೇಲೆ ಅನುಮಾನವಿತ್ತೆಂದು ತಿಳಿಯುತ್ತದೆ, ನೇತಾಜಿ ಎಲ್ಲಿದ್ದರೆಂದು ತಿಳಿಯುವುದಿಲ್ಲ.

ತರಗತಿಯಲ್ಲಿ ಹೇಳುವಾಗ ಹಿರಿಯರನ್ನು ಸುಳ್ಳರನ್ನಾಗಿ ಮಾಡಬೇಡಿ. ಅವರು ಸಾಧುವನ್ನು ಕಂಡದ್ದು ನಿಜ, ಗೌರವಿಸಿದ್ದು ನಿಜ. ‘ಸುಭಾಸಬಾಬು’ ಎಂಬ ಹೆಸರು ಆ ಸಾಧುವಿಗೆ ಯಾವಾಗ ಅಂಟಿತು, ಅವರು ಬದುಕಿದ್ದಾಗಲೋ ಹೋದ ಮೇಲೋ, ಯಾರ ಬಾಯಿಂದ ಮೊದಲು ಬಂತು ಎಂಬುದನ್ನು ಮಕ್ಕಳಿಗೇ ಹುಡುಕಲು ಕೊಡಿ. ಗುಡಿಗೆ ದಿನಾ ರೊಟ್ಟಿ ಕಳಿಸುತ್ತಿದ್ದ ಮನೆ ಯಾವುದೆಂದು ಮೊದಲು ಕೇಳಲಿ. ಆ ಮನೆಯ ಅಜ್ಜಿ ಇನ್ನೂ ಇದ್ದರೆ, ಸಾಧು ರೊಟ್ಟಿ ಇಸಿದುಕೊಳ್ಳುವಾಗ ಯಾವ ಭಾಷೆಯಲ್ಲಿ ಏನನ್ನುತ್ತಿದ್ದರು ಎಂದು ಅಜ್ಜಿಯನ್ನು ಕೇಳಿ ಬರೆದುಕೊಂಡು ಬರಲಿ.